ನೆರಳಿಲ್ಲದ ದೀಪ

ಸಿರುಗುಪ್ಪ ತಾಲ್ಲೂಕಿನ ಕರೂರಿನ ಆ ಮನೆಯಲ್ಲಿ ಹೊಟ್ಟೆನೋವನ್ನು ಯಾರೂ ದೊಡ್ಡದು ಮಾಡುವವರಲ್ಲ. ಅದರಲ್ಲೂ ಭತ್ತದ ಕಟಾವಿನ ದಿನಗಳು. ಅಪ್ಪ ಎರಡು ದಿನ ಓಮದ ನೀರು ಕುಡಿದು ಗದ್ದೆಗೆ ಹೋದ. ಮೂರನೆಯ ದಿನ ಸಂಜೆ ಬದುವಿನ ಮೇಲೆ ಮುದುರಿ ಕುಳಿತವನು ಏಳಲಿಲ್ಲ. ಬಾಡಿಗೆ ಕಾರು ಹಿಡಿದು ಬಳ್ಳಾರಿಯ ಒಂದು ಸಣ್ಣ ಆಸ್ಪತ್ರೆಗೆ ಕರೆತಂದಾಗ ರಾತ್ರಿ ಹತ್ತು ದಾಟಿತ್ತು. ಅಪೆಂಡಿಕ್ಸ್ ಒಡೆದಿದೆ, ಬೆಳಗಿನವರೆಗೆ ಕಾಯುವಂತಿಲ್ಲ ಎಂದರು ಡಾಕ್ಟರು. ಅವ್ವ ತೋರಿಸಿದ ಕಡೆ ಸಹಿ ಹಾಕಿದಳು. ಹತ್ತನೆಯ ತರಗತಿಯ ಮಗ ಅಪ್ಪನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಮೇಲೆ ಕುಳಿತ.

ಹನ್ನೊಂದೂವರೆಯ ಸುಮಾರಿಗೆ ಕರೆಂಟು ಹೋಯಿತು.

ಕಾರಿಡಾರು ಪೂರ್ತಿ ಕತ್ತಲು. ಯಾರೋ ಮೊಬೈಲಿನ ಟಾರ್ಚು ಹಚ್ಚಿದರು. 'ಯಪ್ಪಾ, ಒಳಗ ಹೊಟ್ಟಿ ಕೊಯ್ದು ಮಲಗಿಸ್ಯಾರಲ್ಲೋ, ಕತ್ತಲ್ದಾಗ ಏನ್ ಮಾಡ್ತಾರೋ' ಎಂದು ಅವ್ವ ಎದ್ದು ನಿಂತಳು. ಹುಡುಗನಿಗೂ ಕೈಕಾಲು ತಣ್ಣಗಾದವು. ಅಷ್ಟರಲ್ಲಿ ಅವನ ಕಣ್ಣು ಆಪರೇಷನ್ ಥಿಯೇಟರಿನ ಬಾಗಿಲ ಕೆಳಗಿನ ಸಂದಿಗೆ ಹೋಯಿತು. ಅಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬೆಳಕು ಇತ್ತು. 'ಅವ್ವಾ, ಒಳಗ ದೀಪ ಐತಿ ನೋಡು' ಎಂದ. ತುಸು ಹೊತ್ತಿನ ಮೇಲೆ ಹಿತ್ತಲ ಕಡೆ ಜನರೇಟರು ಸದ್ದು ಮಾಡಿತು, ಕಾರಿಡಾರಿಗೂ ಬೆಳಕು ಬಂತು. ಆದರೆ ಆ ನಡುವಿನ ಹೊತ್ತಿನಲ್ಲಿ ತಾಯಿ ಮಗ ಇಬ್ಬರೂ ನೋಡುತ್ತಿದ್ದದ್ದು ಆ ಗೆರೆಯನ್ನೇ.

ಅಪ್ಪ ಉಳಿದ. ನಾಲ್ಕನೆಯ ದಿನ, ಹುಡುಗ ಧೈರ್ಯ ಮಾಡಿ, 'ಸಿಸ್ಟರ್, ಅವತ್ತು ಒಳಗಡೆ ದೀಪ ಯಾಕೆ ಆರಲಿಲ್ಲ?' ಎಂದು ಕೇಳಿದ. ಥಿಯೇಟರು ತೊಳೆಯುವ ಮುನ್ನ, ಬಾಗಿಲಲ್ಲೇ ನಿಲ್ಲಿಸಿ ಆಕೆ ತೋರಿಸಿದರು. ದೀಪ ಹಾಕಿ ತಮ್ಮ ಕೈಯನ್ನು ಮೇಜಿನ ಮೇಲೆ ಹಿಡಿದರು. ಕೈಯ ನೆರಳು ಎಲ್ಲಿ? ಮೇಜಿನ ಮೇಲೆ ಮಸಿ ಒರೆಸಿದಂಥ ಮಸುಕು ಇತ್ತೇ ಹೊರತು ಬೆರಳಿನ ಗುರುತೂ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ದೀಪವೆಂದರೆ ಬಹಳ ಪ್ರಖರವಾದ ದೀಪ ಎಂದೇ ಹೆಚ್ಚಿನವರ ಕಲ್ಪನೆ. ಪ್ರಖರವಾಗಿರುವುದು ನಿಜವೇ. ಆದರೆ ಬೆಳಕು ಹೆಚ್ಚು ಮಾಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ, ನೆರಳನ್ನು ಕಳೆಯುವುದು ಕಷ್ಟ. ಡಾಕ್ಟರು ರೋಗಿಯ ಮೇಲೆ ಬಗ್ಗಲೇಬೇಕು. ಬಗ್ಗಿದರೆ ತಲೆ ದೀಪಕ್ಕೆ ಅಡ್ಡ ಬರುತ್ತದೆ. ಎಲ್ಲಿ ಬೆಳಕು ಬೇಕೋ ಅಲ್ಲೇ ಅವರ ನೆರಳು ಬೀಳುತ್ತದೆ. ದೀಪ ಎಷ್ಟು ಪ್ರಖರವೋ ನೆರಳೂ ಅಷ್ಟೇ ಕಪ್ಪಾಗಿ ಕಾಣುತ್ತದೆ.

ವಿದ್ಯುತ್ತಿಗೆ ಮುಂಚೆ ವೈದ್ಯರಿಗೆ ಸೂರ್ಯನೇ ದಿಕ್ಕು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯವರು 1822ರಲ್ಲಿ ಒಂದು ಚರ್ಚಿನ ಅಟ್ಟದ ಮೇಲೆ ಶಸ್ತ್ರಚಿಕಿತ್ಸೆಯ ಕೊಠಡಿ ಮಾಡಿಕೊಂಡು, ಚಾವಣಿಯಲ್ಲಿ ದೊಡ್ಡ ಗಾಜಿನ ಬೆಳಕಿಂಡಿ ಇಟ್ಟಿದ್ದರು. ಅದು ಇಂದಿಗೂ ಪ್ರದರ್ಶನಕ್ಕಿದೆ. 1846ರ ನಂತರ ಅರಿವಳಿಕೆಗೆ ಈಥರ್ ಬಂದಮೇಲೆ ಉರಿಯುವ ದೀಪ ಹತ್ತಿರ ತರುವುದೂ ಅಪಾಯವಾಯಿತು, ಏಕೆಂದರೆ ಈಥರಿನ ಆವಿಗೆ ಬೆಂಕಿ ಹತ್ತುತ್ತದೆ. ನಮ್ಮ ನಾಡಿನ ಲೆಕ್ಕ ನೋಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಲಾರ್ಡ್ ಕರ್ಜನ್ ಉದ್ಘಾಟಿಸಿದ್ದು 1900ರ ಡಿಸೆಂಬರಿನಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಊರಿಗೆ ಆಮೇಲೆ! ನಡುವಿನ ಆ ವರ್ಷಗಳಲ್ಲಿ ವೈದ್ಯರು ಹೆಚ್ಚಾಗಿ ಹಗಲನ್ನೇ ನಂಬಿಕೊಂಡಿರಬೇಕು. ಕರೂರಿನ ಅಪ್ಪನಂತೆ ರಾತ್ರಿ ಹನ್ನೊಂದಕ್ಕೆ ಬಂದವರ ಗತಿಯನ್ನು ಊಹಿಸಿಕೊಳ್ಳಬಹುದು.

ವಿದ್ಯುತ್ ಬಲ್ಬು ಬಂದರೂ ನೆರಳು ಹೋಗಲಿಲ್ಲ. ಅದಕ್ಕೆ ಉಪಾಯ ಹುಡುಕಿದವರು ವೈದ್ಯರಲ್ಲ, ಅಲ್ಜೀರ್ಸ್ ನಗರದಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ವೆರೆನ್ ಎಂಬ ಪ್ರಾಧ್ಯಾಪಕರು. ವರ್ಷ 1919. ಗುಮ್ಮಟದಂಥ ತಟ್ಟೆಯ ಮಧ್ಯೆ ಒಂದೇ ಬಲ್ಬು, ಅದರ ಸುತ್ತ ಉಂಗುರದಂಥ ಮಸೂರ, ಅಂಚಿನುದ್ದಕ್ಕೂ ಸಣ್ಣ ಸಣ್ಣ ಕನ್ನಡಿಗಳು. ಪ್ರತಿ ಕನ್ನಡಿಯೂ ತನ್ನ ಪಾಲಿನ ಬೆಳಕನ್ನು ಒಂದೇ ಜಾಗಕ್ಕೆ ಕಳಿಸುತ್ತದೆ. ಡಾಕ್ಟರ ತಲೆ ನಾಲ್ಕು ಕನ್ನಡಿಗಳಿಗೆ ಅಡ್ಡ ಬಂದರೆ ಉಳಿದವು ಸುತ್ತಲಿಂದ ಬೆಳಕು ಕೊಡುತ್ತವೆ. ನೆರಳನ್ನು ಕರಗಿಸುವುದು ಎಂಬರ್ಥದ ಗ್ರೀಕ್ ಪದಗಳಿಂದ ಅದಕ್ಕೆ ಸಿಯಾಲಿಟಿಕ್ ಎಂದು ಹೆಸರಾಯಿತು. ಅದನ್ನು ತಯಾರಿಸಿದ ಫ್ರೆಂಚ್ ಕಂಪನಿ ಸಮುದ್ರದ ದೀಪಸ್ತಂಭಗಳಿಗೆ ದೀಪ ಮಾಡುವುದರಲ್ಲಿ ಹೆಸರಾಗಿತ್ತು. ಹಡಗಿಗೆ ದಾರಿ ತೋರಿಸುತ್ತಿದ್ದ ಮಸೂರದ ವಿದ್ಯೆ ಡಾಕ್ಟರ ಕತ್ತರಿಗೂ ದಾರಿ ತೋರಿಸಿತು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಪೆನ್ಸಿಲು ನಿಲ್ಲಿಸಿ ಒಂದು ಟಾರ್ಚು ಬಿಡಿ: ಕಡ್ಡಿಯಂಥ ಕಪ್ಪು ನೆರಳು. ಇನ್ನೆರಡು ಟಾರ್ಚುಗಳನ್ನು ಬೇರೆ ದಿಕ್ಕಿನಿಂದ ಬಿಟ್ಟರೆ ನೆರಳು ಮೂರಾಗುತ್ತದೆ, ಆದರೆ ಮೂರೂ ತೆಳುವಾಗುತ್ತವೆ. ಮೂರರ ಬದಲು ಮೂವತ್ತು ಎಂದು ಯೋಚಿಸಿ ನೋಡಿ. ಈಗಿನ ಥಿಯೇಟರು ದೀಪದಲ್ಲಿ ಹತ್ತಾರು ಎಲ್ಇಡಿಗಳು ಇರುವುದು ಇದಕ್ಕೇ.

ಈ ದೀಪಗಳಿಗೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಬೆಳಕಿನ ಕೇಂದ್ರದಲ್ಲಿ 40,000ದಿಂದ 1,60,000 ಲಕ್ಸ್ ಇರಬೇಕು. ಲಕ್ಸ್ ಎಂದರೆ ಒಂದು ಮೇಣದ ಬತ್ತಿ ಒಂದು ಮೀಟರು ದೂರದಲ್ಲಿ ಕೊಡುವಷ್ಟು ಬೆಳಕು ಎಂದಿಟ್ಟುಕೊಳ್ಳಿ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸುತ್ತಲ ಕೋಣೆಯಲ್ಲೂ ಸಾವಿರ ಲಕ್ಸಾದರೂ ಬೇಕು. ಇಲ್ಲದಿದ್ದರೆ ಬಿಸಿಲಿನಿಂದ ಒಳಮನೆಗೆ ಬಂದಾಗ ಆಗುವಂತೆ, ಡಾಕ್ಟರು ತಲೆ ಎತ್ತಿದಾಗಲೆಲ್ಲ ಕಣ್ಣು ಕತ್ತಲಿಡುತ್ತದೆ.

ಬೆಳಕಿನ ಜೊತೆ ಬರುವ ಶಾಖದ ಮಾತು ಬೇರೆ. ಹಳೆಯ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲೂ ಬೆಳಕಾಗುವುದಿಲ್ಲ, ಉಳಿದದ್ದೆಲ್ಲ ಶಾಖ. ತೆರೆದ ಅಂಗಾಂಶ ಅದರಡಿಯಲ್ಲಿ ಒಣಗುತ್ತದೆ. ಆದ್ದರಿಂದ ಚದರ ಮೀಟರಿಗೆ ಸಾವಿರ ವಾಟ್ ಮೀರಬಾರದೆಂದು ಮಿತಿ ಇದೆ. ಅದು ಹೆಚ್ಚುಕಡಿಮೆ ಮಧ್ಯಾಹ್ನದ ಬಿಸಿಲೇ. ಬಳ್ಳಾರಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ! ಹ್ಯಾಲೊಜನ್ ದೀಪಗಳ ಕಾಲದಲ್ಲಿ, ಬೆಳಕನ್ನು ಮುಂದಕ್ಕೆ ಕಳಿಸಿ ಶಾಖದ ಕಿರಣಗಳನ್ನು ಹಿಂದಕ್ಕೆ ಬಿಟ್ಟುಕೊಡುವ ವಿಶೇಷ ಕನ್ನಡಿಗಳು ಬಂದವು. ಎಲ್ಇಡಿ ಆ ತೊಂದರೆಯನ್ನು ಬಹುಮಟ್ಟಿಗೆ ಕಳೆಯಿತು.

ಬಣ್ಣವೂ ಮುಖ್ಯ. ಅಂಗಡಿಯ ದೀಪದಲ್ಲಿ ಮೆಚ್ಚಿದ ಸೀರೆಯನ್ನು ಹೆಂಗಸರು ಬಾಗಿಲಿಗೆ ತಂದು ನೋಡುವುದು ಸುಮ್ಮನೆ ಅಲ್ಲ. ರಕ್ತದ ಕೆಂಪು ಯಾವುದು, ನೀಲಿಗಟ್ಟಿದ ಕೆಂಪು ಯಾವುದು ಎಂದು ಡಾಕ್ಟರಿಗೆ ತಿಳಿಯಬೇಕು. ಬಣ್ಣವನ್ನು ಇದ್ದಂತೆ ತೋರಿಸುವುದರಲ್ಲಿ ನೂರಕ್ಕೆ ಕನಿಷ್ಠ 85 ಅಂಕ ಬಾರದ ದೀಪ ಇಲ್ಲಿ ಫೇಲು. ಹಾಗೆಯೇ ಥಿಯೇಟರಿನ ಹಸಿರು ಬಟ್ಟೆ. ಬಿಳಿ ಬಟ್ಟೆ ಕಣ್ಣು ಕುಕ್ಕುತ್ತದೆಂದು ಸ್ಯಾನ್ ಫ್ರಾನ್ಸಿಸ್ಕೊದ ಶೆರ್ಮನ್ ಎಂಬ ವೈದ್ಯರು 1914ರಲ್ಲಿ ಪಾಲಕ್ ಸೊಪ್ಪಿನ ಹಸಿರು ತಂದರು. ಕೆಂಪು ಕಾಗದವನ್ನು ಅರ್ಧ ನಿಮಿಷ ದಿಟ್ಟಿಸಿ ಬಿಳಿ ಗೋಡೆ ನೋಡಿ, ಹಸಿರು ಛಾಯೆ ತೇಲುತ್ತದೆ. ಹಸಿರು ಬಟ್ಟೆಯ ಮೇಲೆ ಅದು ಕಾಡುವುದಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರವೂ ಮಾನದಂಡದಲ್ಲೇ ಇದೆ. ಕರೆಂಟು ಹೋದರೆ ಐದು ಸೆಕೆಂಡಿನೊಳಗೆ ಮೊದಲಿದ್ದ ಬೆಳಕಿನ ಅರ್ಧವಾದರೂ, 40,000 ಲಕ್ಸ್‌ಗೆ ಕಡಿಮೆಯಾಗದಂತೆ, ಮರಳಬೇಕು. ನಲವತ್ತು ಸೆಕೆಂಡಿನೊಳಗೆ ಪೂರ್ತಿ ಬರಬೇಕು. ಜನರೇಟರು ಎದ್ದು ನಿಲ್ಲುವುದಕ್ಕೆ ಐದು ಸೆಕೆಂಡು ಸಾಲದು. ಅಲ್ಲಿಯವರೆಗೆ ದುಡಿಯುವುದು ಬ್ಯಾಟರಿ. ಆ ರಾತ್ರಿ ಬಾಗಿಲ ಕೆಳಗಿನ ಗೆರೆಯನ್ನು ಹಿಡಿದಿಟ್ಟಿದ್ದದ್ದು ಅದೇ, ಬ್ಯಾಟರಿಯ ನೀರನ್ನು ತಪ್ಪದೆ ನೋಡಿಕೊಳ್ಳುತ್ತಿದ್ದ ಯಾರದೋ ಕೈ ಎಂದರೂ ಸರಿಯೇ.

ಊರಿಗೆ ಬಂದ ಹುಡುಗನಿಗೆ ಮೊದಲು ಕಂಡದ್ದು ಅಡುಗೆಮನೆ. ಬಲ್ಬು ಇದ್ದದ್ದು ಬಾಗಿಲ ಮೇಲೆ. ಅವ್ವ ಅದಕ್ಕೆ ಬೆನ್ನು ಮಾಡಿ ಕುಳಿತು ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಅವಳ ನೆರಳು ಸರಿಯಾಗಿ ಈಳಿಗೆಯ ಮೇಲೇ ಬಿದ್ದಿತ್ತು. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೊರಸಿನ ಮೇಲೆ ಕುಳಿತೇ ವೈರಿನ ಅಳತೆ ಹೇಳಿದ. ಲೈನ್‌ಮನ್ ಒಬ್ಬ ಬಂದು ಎರಡು ಬಲ್ಬುಗಳನ್ನು ಎದುರಿನ ಗೋಡೆಗೆ, ಎಡಕ್ಕೊಂದು ಬಲಕ್ಕೊಂದು ಹಾಕಿ ಹೋದ. 'ಒಂದು ಸಾಕಾಗಿತ್ತಿಲ್ಲೇನೋ, ಬಿಲ್ಲು ಯಾರು ಕಟ್ಟಾರು' ಎಂದು ಅವ್ವ ಗೊಣಗಿದಳು. ಮಗ ಈಳಿಗೆಯ ಮೇಲೆ ಕೈ ಚಾಚಿ ತೋರಿಸಿದ. ಅವಳು ಒಮ್ಮೆ ಬಗ್ಗಿ ನೋಡಿ, ಮಣೆ ಎಳೆದುಕೊಂಡು ಕುಳಿತಳು.