ವಾಡಿಯಲ್ಲಿ ಕುಡಿದ ಚಹಾ

ನಿವೃತ್ತನಾದವನನ್ನು ಕಂಡರೆ ಜನ ಕೇಳುವ ಪ್ರಶ್ನೆ ಒಂದೇ: "ಈಗ ಹೊತ್ತು ಹೇಗೆ ಕಳೀತೀರಿ?" ನನ್ನ ಉತ್ತರವೂ ಒಂದೇ: "ಊರು ತಿರುಗುತ್ತೇನೆ, ತಿರುಗಿದ್ದನ್ನು ಬರೆದಿಡುತ್ತೇನೆ." ಮೊದಲ ಮಾತಿಗೆ ತಲೆದೂಗುತ್ತಾರೆ. ಎರಡನೆಯದನ್ನು ಕೇಳಿದೊಡನೆ ಗಡಿಯಾರ ನೋಡಿಕೊಳ್ಳುತ್ತಾರೆ. ಎಲ್ಲಿ ಓದಿ ಹೇಳಿಬಿಡುತ್ತಾನೋ ಎಂಬ ಭಯ!

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿ ಬಂದು ಪುಸ್ತಕ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ನಾನು ಮೆಹದಿಪಟ್ಟಣಂನಿಂದ ಹೊರಟು ಬೀದರ, ರಾಯಚೂರು, ಬಾದಾಮಿ ಎಂದು ತಿರುಗುವವನು. ನನ್ನ ಬರಹಕ್ಕೆ ಬಹುಮಾನವೆಂದರೆ ಮನೆಯಾಕೆ ಕೊಡುವ ಎರಡನೆಯ ಲೋಟ ಚಹಾ ಮಾತ್ರ. ಆ ಚಹಾದ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ಪ್ರವಾಸದ ಪುಸ್ತಕ ನೀಲಿ ರಟ್ಟಿನದು, ಉದ್ದನೆಯದು. ಜನ್ಮವೆಲ್ಲ ಲೆಕ್ಕಪತ್ರದ ಕಚೇರಿಯಲ್ಲಿ ಕಳೆದವನಿಗೆ ಬೇರೆ ಆಕಾರದ ಪುಸ್ತಕದಲ್ಲಿ ಕೈ ಓಡುವುದಿಲ್ಲ. ಬಲಪುಟದಲ್ಲಿ ಬರಹ, ಎಡಪುಟದಲ್ಲಿ ಟಿಕೆಟ್ಟು, ರಸೀದಿ ಅಂಟಿಸುವುದು. ಬರೆಯುತ್ತ ಹೋದಂತೆ ಒಂದು ಸತ್ಯ ಹೊಳೆಯಿತು. ಸುಸೂತ್ರವಾಗಿ ಮುಗಿದ ಪ್ರವಾಸದ ಬಗ್ಗೆ ಅರ್ಧ ಪುಟವೂ ತುಂಬುವುದಿಲ್ಲ. ಎಡವಟ್ಟಾದರೆ ಮಾತ್ರ ನಾಲ್ಕು ಪುಟ ಸಾಲದು.

ರಾಯಚೂರಿನ ಪ್ರಸಂಗವನ್ನೇ ನೋಡಿ. ಟಿಕೆಟ್ಟಿನ ಮೇಲೆ 14ನೆಯ ತಾರೀಖು, 00.20 ಎಂದಿತ್ತು. ನಾವು 14ರ ರಾತ್ರಿ ಊಟ ಮುಗಿಸಿ, ಹನ್ನೊಂದೂವರೆಗೇ ಸ್ಟೇಷನ್ನಿಗೆ ಹೋಗಿ, ಸಮಯಪಾಲನೆಗಾಗಿ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ರೈಲ್ವೆಯ ದಿನ ನಡುರಾತ್ರಿಗೇ ಹುಟ್ಟುತ್ತದೆ. ನಮ್ಮ ಗಾಡಿ ಹಿಂದಿನ ರಾತ್ರಿಯೇ ಹೋಗಿ ಇಪ್ಪತ್ತಮೂರು ತಾಸಿನ ಮೇಲಾಗಿತ್ತು! ನಲವತ್ತು ವರ್ಷ ತಾರೀಖು ಹಾಕಿ ಸಹಿ ಮಾಡಿದವನಿಗೆ ಆದ ಮಂಗಳಾರತಿ ಇದು. ಓದುಗರು ಮಧ್ಯರಾತ್ರಿಯ ಗಾಡಿಯಿದ್ದರೆ ಹಿಂದಿನ ದಿನವೇ ಗಂಟು ಕಟ್ಟಬೇಕೆಂದು ನನ್ನ ವಿಜ್ಞಾಪನೆ.

ಇದು ಸಣ್ಣ ಎಡವಟ್ಟು. ವಾಡಿಯದು ದೊಡ್ಡದು.

ಎರಡು ವರ್ಷದ ಹಿಂದೆ ನಾವಿಬ್ಬರೂ ಗಾಣಗಾಪುರಕ್ಕೆ ಹೊರಟೆವು. "ಇಬ್ಬರೂ ಕೂಡಿಯೇ ಹೋಗುವಾಗ ಎರಡು ಫೋನು ಯಾಕೆ?" ಎಂದು ಅವಳ ಫೋನನ್ನು ಮನೆಯಲ್ಲೇ ಬಿಡಿಸಿದವನು ನಾನು. ವಿಕಾರಾಬಾದ್, ತಾಂಡೂರು ದಾಟಿ, ಸೇಡಂ, ಚಿತ್ತಾಪುರ ಕಳೆದು ಗಾಡಿ ವಾಡಿಗೆ ಬಂತು. ನಿಜಾಮರ ರೈಲು 1874ರಲ್ಲಿ ಸಿಕಂದರಾಬಾದಿನಿಂದ ಬಂದು ಮುಂಬಯಿಯ ಹಾದಿಗೆ ಕೂಡಿಕೊಂಡದ್ದು ಇಲ್ಲಿಯೇ. ಇಷ್ಟು ದೊಡ್ಡ ಜಂಕ್ಷನ್ನಿನಲ್ಲಿ ಗಾಡಿ ಪುರುಸೊತ್ತಾಗಿ ನಿಲ್ಲುತ್ತದೆಂದು ನಂಬಿ, ಫೋನನ್ನು ಚಾರ್ಜಿಗೆ ಹಾಕಿ, ನೂರರ ಒಂದು ನೋಟು ಹಿಡಿದು ಚಹಾಕ್ಕೆ ಇಳಿದೆ. ಚಿಲ್ಲರೆ ಎಣಿಸಿಕೊಂಡು ತಿರುಗಿದರೆ ಗಾಡಿ ಚಲಿಸುತ್ತಿತ್ತು.

ಮುಂದಿನದನ್ನು ಪುಸ್ತಕದಲ್ಲಿ ಸ್ವಾರಸ್ಯವಾಗಿಯೇ ಬರೆದೆ. ಎರಡು ಕೈಯಲ್ಲಿ ಎರಡು ಚಹಾ ಹಿಡಿದು ನಿಂತ ವೃದ್ಧ. ಎರಡನ್ನೂ ತಾನೇ ಕುಡಿದದ್ದು. ಯಾರದೋ ಫೋನು ಇಸಕೊಂಡು, ಬಾಯಿಪಾಠವಿದ್ದ ಒಂದೇ ನಂಬರಿಗೆ, ಅಂದರೆ ತನ್ನದೇ ನಂಬರಿಗೆ, ನಾಲ್ಕು ಸಲ ಕರೆ ಮಾಡಿದ್ದು. ಗೊತ್ತಿಲ್ಲದ ನಂಬರು ಎತ್ತಬೇಡ, ಮೋಸಗಾರರಿರುತ್ತಾರೆ ಎಂದು ಅವಳಿಗೆ ಬೋಧಿಸಿದವನೂ ನಾನೇ! "ಪತಿವ್ರತೆ ಮಾತು ಮೀರಲಿಲ್ಲ" ಎಂದು ಬರೆದೆ. ಉಳಿದ ದುಡ್ಡಿನಲ್ಲಿ ಜನರಲ್ ಟಿಕೆಟ್ ಕೊಂಡು ಒಂದೂವರೆ ತಾಸಿನ ಮೇಲೆ ಬಂದ ಗಾಡಿ ಹತ್ತಿದೆ. ಕಲಬುರಗಿಯ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಎರಡು ಚೀಲ, ಅವುಗಳ ನಡುವೆ ನಮ್ಮಾಕೆ. ಇಳಿದು ಎದುರು ನಿಂತರೆ ಅವಳು ಕೇಳಿದ್ದು ಒಂದೇ ಮಾತು: "ಚಹಾ ಆತೇನು?"

ನಮ್ಮ ಕನ್ನಡ ಗೆಳೆಯರು ಮನೆಯಲ್ಲಿ ಸೇರಿದ್ದ ಒಂದು ಭಾನುವಾರ ಇದನ್ನು ಓದಿದೆ. ಬಿದ್ದು ಬಿದ್ದು ನಕ್ಕರು. ಒಬ್ಬರಂತೂ "ನೀವು ಹಾಸ್ಯ ಲೇಖಕರಾಗಬೇಕಿತ್ತು" ಎಂದರು. ಉಬ್ಬಿಹೋದೆ. ಒಳಗೆ ಅವಲಕ್ಕಿ ಹಚ್ಚುತ್ತಿದ್ದವಳು ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಕೇಳಿದಳು:

"ನೀವು ಓಡಿದ್ದು ಯಾಕ ಬರೀಲಿಲ್ಲ?"

ಬರೆದಿರಲಿಲ್ಲ. ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿದ್ದೆ. ಒಂದು ಕೈಯಿಂದ ಬಾಗಿಲ ಹಿಡಿಕೆಯನ್ನು ಮುಟ್ಟಿಯೂ ಇದ್ದೆ. ಮೊಣಕಾಲು ಸಹಕರಿಸಲಿಲ್ಲ, ಕೈ ಜಾರಿತು. ಹಿಂದೆ ನಿಂತಿದ್ದ ಹಮಾಲನೊಬ್ಬ ಅಂಗಿ ಹಿಡಿದು ಎಳೆದುಕೊಂಡ. ಅರವತ್ತೆಂಟರ ವಯಸ್ಸಿನಲ್ಲಿ ಮಾಡಿದ ಈ ಮೂರ್ಖತನ ನಾಚಿಕೆಯದಾಗಿತ್ತು. ಆದ್ದರಿಂದ ಬರಹದಲ್ಲಿ ಚಹಾ ಉಳಿಯಿತು, ಓಟ ಬಿಟ್ಟುಹೋಯಿತು. ಅವಳಿಗೆ ಅದು ಗೊತ್ತೇ ಇಲ್ಲವೆಂದೂ ತಿಳಿದಿದ್ದೆ.

"ಕಿಡಕ್ಯಾಗಿಂದ ಕಂಡ್ರಿ" ಎಂದಳು. "ಹಿಡಕಿಗೆ ಕೈ ಹಾಕಿದ್ರಿ. ಆಮ್ಯಾಲೆ ಕಾಣಲಿಲ್ಲ. ಹತ್ತಿದ್ರೋ, ನಿಂತ್ರೋ, ಕೆಳಗ ಹೋದ್ರೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ? ಬ್ಯಾರೆ ಡಬ್ಬಿಗೆ ಹತ್ತಿರಬೇಕು, ಬರ್ತಾರ ಅಂತ ಶಹಾಬಾದ ತನಕ ದಾರಿ ನೋಡಿದೆ. ಬರಲಿಲ್ಲ."

"ಫೋನು..." ಎಂದೆ.

"ನಾಲ್ಕು ಸರ್ತೆ ಬಡಕೊಂತು. ನೀವು ಎತ್ತಬ್ಯಾಡ ಅಂದಿದ್ರಿ ಅಂತಲ್ಲ. ಯಾರರ ದವಾಖಾನಿಯಿಂದ ಮಾಡ್ಯಾರೇನೋ, ಎತ್ತಿದ್ರ ಏನ ಕೇಳಬೇಕಾಗ್ತದೋ ಅಂತ ಕೈ ನಡಗಿತು. ಅದಕ್ಕ ಎತ್ತಲಿಲ್ಲ."

ನಾನು ಸುಮ್ಮನೆ ಕೂತೆ. ಎರಡು ವರ್ಷ ಆ ನಾಲ್ಕು ಕರೆಗಳನ್ನು ನಾನು ಹಾಸ್ಯವೆಂದು ಹೇಳಿಕೊಂಡು ತಿರುಗಿದ್ದೆ.

"ಹಂಗಾರ ಕಲಬುರಗ್ಯಾಗ ಯಾಕ ಇಳದಿ? ನಮ್ಮ ಟಿಕೆಟು ಗಾಣಗಾಪುರ ರೋಡಿಗಿತ್ತಲ್ಲ?" ಎಂದು ಕೇಳಿದೆ.

"ಶಹಾಬಾದಿನ್ಯಾಗ ಇಳದ್ರ, ನೀವು ಹತ್ತಿದ ಗಾಡಿ ಅಲ್ಲಿ ನಿಲ್ಲದ ಹೋದ್ರ? ಗಾಣಗಾಪುರ ರೋಡಿನ್ಯಾಗೂ ಎಲ್ಲಾ ಗಾಡಿ ನಿಂದರೂದಿಲ್ಲ. ಕಲಬುರಗಿ ದೊಡ್ಡ ಊರು, ವಾಡಿಯಿಂದ ಬರೂ ಯಾವ ಗಾಡಿಗೆ ಹತ್ತಿದ್ರೂ ಅಲ್ಲಿ ನಿಂತs ನಿಲ್ತದ. ನಿಮ್ಮ ಹಂತ್ಯಾಕ ರೊಕ್ಕ ಇಲ್ಲ, ಜನರಲ್ ಡಬ್ಬಿನ್ಯಾಗs ಬರ್ತೀರಿ. ಅದಕ್ಕs ಆ ಡಬ್ಬಿ ನಿಲ್ಲೂ ಕಡೆ ಕೂತೆ."

ಲೆಕ್ಕದ ಕಚೇರಿಯಲ್ಲಿದ್ದವನು ನಾನು. ಲೆಕ್ಕ ಹಾಕಿದವಳು ಅವಳು. ಅವಳು ಧಾರವಾಡದಿಂದ ಈ ಊರಿಗೆ ಬಂದಾಗ ಉರ್ದುವಿನ ಒಂದಕ್ಷರವೂ, ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ. ಆಗ ನಮ್ಮ ತಲೆಯ ಮೇಲೆ ಈ ಎಕ್ಸ್‌ಪ್ರೆಸ್‌ವೇ ಇರಲಿಲ್ಲ, ಅದು ಬಂದದ್ದು 2009ರಲ್ಲಿ. ಕಂಬದ ನಂಬರು ಹೇಳಿ ಮನೆ ಹುಡುಕುವ ಅನುಕೂಲವೂ ಇರಲಿಲ್ಲ. ಕೈಸನ್ನೆ ಮಾಡಿ ತರಕಾರಿ ಕೊಂಡು, ದಾರಿ ಕೇಳಿ, ಬಸ್ಸು ಬದಲಿಸಿ, ಮಕ್ಕಳನ್ನು ಶಾಲೆಗೆ ಮುಟ್ಟಿಸಿದವಳು. ಕಾಣದ ಊರಿನಲ್ಲಿ ದಾರಿ ಕಂಡುಕೊಳ್ಳುವ ವಿದ್ಯೆ ಅವಳಿಗೆ ಆಗಲೇ ಬಂದಿತ್ತು. ನಾನು ಬರೆದದ್ದು ಮಾತ್ರ "ದೇವಸ್ಥಾನದ ಕಟ್ಟೆಯ ಮೇಲೆ ಕೂತವಳಂತೆ ನಿರಾಳವಾಗಿದ್ದಳು" ಎಂದು.

ಕೊನೆಗೆ ಕೇಳಿದೆ: "ಮತ್ತ 'ಚಹಾ ಆತೇನು' ಅಂದದ್ದು?"

"ಬ್ಯಾರೆ ಏನರ ಅಂದಿದ್ರ ಅಳು ಬರ್ತಿತ್ತು. ಅಷ್ಟು ಮಂದ್ಯಾಗ ಅಳೂದು ಛಲೋ ಅಲ್ಲ."

ಆ ರಾತ್ರಿ ನೀಲಿ ಪುಸ್ತಕ ತೆಗೆದೆ. ಬರೆದದ್ದನ್ನು ಹೊಡೆದುಹಾಕಲಿಲ್ಲ, ಲೆಕ್ಕದವರು ತಪ್ಪು ನಮೂದನ್ನು ಅಳಿಸುವುದಿಲ್ಲ, ತಿದ್ದುಪಡಿಯನ್ನು ಎದುರಿಗೆ ಬರೆಯುತ್ತಾರೆ. ಎಡಪುಟದಲ್ಲಿ ಟಿಕೆಟ್ಟಿನ ಪಕ್ಕ ಜಾಗವಿತ್ತು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಇಳಿಸಿದೆ. ನನ್ನ ಓಟವನ್ನೂ, ಹೆಸರು ಕೇಳದೆ ಬಂದ ಆ ಹಮಾಲನನ್ನೂ ಸೇರಿಸಿದೆ.

ಅಂದಿನಿಂದ ಎಡಪುಟ ಅವಳದು. ಈಗ ಎರಡು ಫೋನು ಜೊತೆಗೆ ಹೊರಡುತ್ತವೆ. ಇಬ್ಬರ ಜೇಬಿನಲ್ಲೂ ನಂಬರು ಬರೆದ ಚೀಟಿಯಿರುತ್ತದೆ. ರೈಲ್ವೆಯ ಸಹಾಯಕ್ಕೆ 139 ಎಂಬ ನಂಬರಿದೆ, ಅದೂ ಆ ಚೀಟಿಯಲ್ಲಿದೆ. ತಪ್ಪಿಸಿಕೊಂಡರೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಕಾಯಬೇಕೆಂಬುದು ಮನೆಯ ಕಾನೂನು. ಚಲಿಸುವ ಗಾಡಿಗೆ ಓಡಬಾರದೆಂಬುದು ನನಗೊಬ್ಬನಿಗೇ ಅನ್ವಯಿಸುವ ಕಾನೂನು.

ಹೋದ ತಿಂಗಳು ಬೀದರಕ್ಕೆ ಹೋಗಿ ಬಂದೆವು. ಮಹಮೂದ್ ಗವಾನನ ಮದರಸಾದ ಬಗ್ಗೆ ನಾನು ಮೂರು ಪುಟ ಬರೆದೆ. ಎಡಪುಟದಲ್ಲಿ ಅವಳು ಬರೆದದ್ದು ಒಂದೇ ಸಾಲು: "ಇವರು ಚಹಾಕ್ಕ ಇಳೀಲಿಲ್ಲ. ನಾನs ಥರ್ಮಾಸಿನ್ಯಾಗ ಒಯ್ದಿದ್ದೆ."