ಮಷಿನ್ ನೀರು ಅನ್ನುವುದಿಲ್ಲ

ಈ ಬೇಸಿಗೆಯಲ್ಲಿ ಮೂಡಲಗಿ ಹತ್ತಿರದ ನಮ್ಮ ಎರಡು ಎಕರೆ ಹೊಲದಲ್ಲಿ ಬೋರ್ ಹೊಡೆಸಲು ಅಬ್ಬಾ ಸಾಲ ತೆಗೆದರು. ತೆಂಗಿನಕಾಯಿ ಹಿಡಿದು ನೋಡಿದವರು ತೋರಿಸಿದ ಜಾಗದಲ್ಲಿ 400 ಅಡಿ ಹೋದರೂ ಬಂದದ್ದು ಧೂಳು. ಎರಡನೆಯ ಸಲ ಸರ್ವೇ ಮಾಡುವವರನ್ನು ಕರೆಸಿದೆವು.

ಅವರು ಒಂದೇ ಸಾಲಿನಲ್ಲಿ ನಾಲ್ಕು ಸರಳು ಬಡಿದರು. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದರು. ಸರಳುಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳದ ಸುದ್ದಿ ಸಿಗುತ್ತದಂತೆ. ಅಂಕಿ ಬರೆದುಕೊಳ್ಳುವ ಕೆಲಸ ನನ್ನದು. ಕಾಮರ್ಸ್ ಹುಡುಗನಿಗೆ ಅಲ್ಲಿ ಬೇರೇನು ಕೆಲಸ!

"ನೀರ ಐತೇನ್ರಿ, ಸರ್?" ಎಂದು ಅಬ್ಬಾ ಮೂರು ಸಲ ಕೇಳಿದರು.

"ಮಷಿನ್ ನೀರ ಅನ್ನೂದಿಲ್ರಿ, ಸಾಹೇಬ್ರ. ನೆಲ ಕರೆಂಟಿಗೆ ಎಷ್ಟ ಅಡ್ಡ ಬರತೈತಿ, ಅಷ್ಟ ಹೇಳತೈತಿ. ನೀರಿದ್ರೂ ಅಂಕಿ ಇಳೀತೈತಿ, ಜಿಗಟ ಮಣ್ಣಿದ್ರೂ ಇಳೀತೈತಿ."

ಆ ಮಾತು ತಲೆಯಿಂದ ಹೋಗಲಿಲ್ಲ. ಕಾಲೇಜು ಶುರುವಾದ ಮೇಲೆ ನಮ್ಮ ಭೌತಶಾಸ್ತ್ರದ ಸರ್ ಅವರನ್ನು ಕೇಳಿದೆ. ಕಿಲೋಮೀಟರುಗಟ್ಟಲೆ ಆಳ ನೋಡಲು ಮ್ಯಾಗ್ನೆಟೋಟೆಲ್ಯೂರಿಕ್ ಎಂಬ ವಿಧಾನವಿದೆ ಎಂದರು. ಅದರಲ್ಲಿ ನಾವು ಕರೆಂಟ್ ಬಿಡುವುದೇ ಇಲ್ಲ. ದೂರದ ಮಿಂಚುಗಳಿಂದ, ಸೂರ್ಯನಿಂದ ಬರುವ ಕಣಗಳಿಂದ ಭೂಮಿಯ ಕಾಂತಕ್ಷೇತ್ರ ಸದಾ ಅಲುಗುತ್ತಿರುತ್ತದೆ. ಅದರಿಂದ ನೆಲದೊಳಗೆ ತಾನಾಗಿ ಕರೆಂಟ್ ಹುಟ್ಟುತ್ತದೆ. ಕಾಯಿಲ್‌ಗಳನ್ನು ಹೂತಿಟ್ಟು ರಾತ್ರಿಯೆಲ್ಲ ಎರಡನ್ನೂ ಅಳೆಯುತ್ತಾರೆ. ಅಲುಗಾಟ ನಿಧಾನವಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ಹತ್ತಿರ ಪಂಪ್‌ಸೆಟ್, ಕರೆಂಟ್ ಲೈನ್ ಇದ್ದರೆ ಲೆಕ್ಕ ಕೆಡುತ್ತದೆ. ನಮ್ಮೂರಲ್ಲಿ ಎಲ್ಲಿ ಹೂಳುತ್ತಾರೋ!

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕೊಯ್ನಾ ಸುತ್ತ ಹೀಗೆ ಅಳೆದಿದ್ದಾರೆ. ಕೊಯ್ನಾ ಎಂದರೆ ನಮ್ಮ ದಾದಿಗೆ ಬೇರೆಯೇ ನೆನಪು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಕಂಪವಾದಾಗ ಅವರು ಹುಕ್ಕೇರಿಯ ತವರಿನಲ್ಲಿದ್ದ ಚಿಕ್ಕ ಹುಡುಗಿ. "ಜಮೀನ್ ಹಿಲ್ ಗಯೀ ಥೀ" ಎನ್ನುವಾಗ ಇಂದಿಗೂ ಮಂಚದ ಅಂಚು ಹಿಡಿಯುತ್ತಾರೆ. ಆ ನೆಲದ ಅಡಿಯಲ್ಲಿ ಏನಿದೆ ಎಂದು ತಿಳಿಯಲು 2017ರ ಹೊತ್ತಿಗೆ ಗೋಥಣೆ ಎಂಬಲ್ಲಿ 3 ಕಿಲೋಮೀಟರ್ ಆಳದ ರಂಧ್ರವನ್ನೇ ಕೊರೆದರು. ಒಂದು ಕಿಲೋಮೀಟರಿಗಿಂತ ಹೆಚ್ಚು ಲಾವಾದ ಕರಿಕಲ್ಲು, ಅದರ ಕೆಳಗೆ ನೇರವಾಗಿ ಗ್ರಾನೈಟ್ ಜಾತಿಯ ಕಲ್ಲು. ಅದೇ ಲಾವಾದ ದಕ್ಷಿಣದ ಅಂಚಿನಲ್ಲಿ ನಾವಿದ್ದೇವೆ. ಗೋಕಾಕ ಜಲಪಾತದಲ್ಲಿ ಕಾಣುವ ಮರಳುಗಲ್ಲು ಅದಕ್ಕಿಂತ ಎಷ್ಟೋ ಹಳೆಯದು.

ಅಷ್ಟು ಆಳದಲ್ಲೂ ಅದೇ ಪೇಚು. ಅಂಕಿ ಇಳಿದರೆ ಬಿರುಕಿನಲ್ಲಿ ನೀರಿರಬಹುದು, ಗ್ರಾಫೈಟ್ ಇರಬಹುದು. ವಿಜ್ಞಾನಿಗಳೂ ಕೊನೆಗೆ ಕೊರೆದೇ ನೋಡಬೇಕಾಯಿತು. ಆದರೆ ಅವರು ಸಾಲ ಮಾಡಿ ಕೊರೆದಿರಲಿಲ್ಲ.

ನಮ್ಮ ಹೊಲದಲ್ಲಿ 60 ಮೀಟರ್ ಹತ್ತಿರ ಅಂಕಿ ಇಳಿದಿದೆ. ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದೆ ಅದು. ಸಾಲದಲ್ಲಿ ಉಳಿದ ಹಣ ಇನ್ನೊಂದೇ ಬೋರಿಗೆ ಸಾಲುತ್ತದೆ. ರಾತ್ರಿ ಊಟವಾದ ಮೇಲೆ ಅಬ್ಬಾ ಆ ಹಾಳೆ ತೆಗೆಸಿ ನೋಡುತ್ತಾರೆ. "ತೂ ಕ್ಯಾ ಬೋಲ್ತಾ?" ಎಂದು ನನ್ನನ್ನೇ ಕೇಳುತ್ತಾರೆ. ಅಂಕಿ ಬರೆದವನು ನಾನು. ಇನ್ನೂ ಉತ್ತರ ಕೊಟ್ಟಿಲ್ಲ.