ಮೀನುಗಿಡುಗದ ಬಾಣಂತನ

ಇಂಗ್ಲೆಂಡಿನ ರಟ್ಲೆಂಡ್ ವಾಟರ್ ಜಲಾಶಯದ ಹೆಸರುವಾಸಿ ಬಾಣಂತಿ ಯಾರು ಗೊತ್ತೇ? ಆಸ್ಪ್ರೇ ಎಂಬ ಮೀನುಗಿಡುಗ! ಗುಂಡೇಟಿಗೆ, ಮೊಟ್ಟೆಗಳ್ಳರಿಗೆ ಬಲಿಯಾಗಿ ಆ ಸೀಮೆಯಲ್ಲಿ ಸುಮಾರು 150 ವರ್ಷ ಇದರ ಗೂಡೇ ಇರಲಿಲ್ಲವಂತೆ. 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಸಾಕಿ ಹಾರಿಬಿಟ್ಟರು. 2001ರಲ್ಲಿ ಮೊದಲ ಮರಿ ಇಲ್ಲೇ ಹುಟ್ಟಿತು.

ಲೆಸ್ಟರಿನ ಮಗಳ ಮನೆಗೆ ಹೋದಾಗ, ಜೂನ್ ತಿಂಗಳಲ್ಲಿ, ಲಿಂಡನ್ ದಡದ ಮರದ ಗುಡಿಸಲಿನಿಂದ ದುರ್ಬೀನಿನಲ್ಲಿ ನೋಡಿದೆವು. ಅಪ್ಪ ಮೀನು ತಂದುಹಾಕುತ್ತದೆ. ಅಮ್ಮ ಚೂರುಚೂರಾಗಿ ಕಿತ್ತು ಮರಿಗಳಿಗೆ ಉಣಿಸುತ್ತದೆ. ಥೇಟ್ ನಮ್ಮ ಕೈತುತ್ತು ಕಣ್ರೀ!

ಆದರೆ ಬೇಸಿಗೆ ಮುಗಿಯುತ್ತಲೇ ಸಾಮಾನ್ಯವಾಗಿ ತಾಯಿಯೇ ಮೊದಲು ಆಫ್ರಿಕಕ್ಕೆ ಹೊರಟುಬಿಡುತ್ತದೆ. ಮರಿಗಳು ದಾರಿ ತೋರುವವರಿಲ್ಲದೆ, ಒಂದೊಂದೇ, ಸುಮಾರು 5,000 ಕಿಲೋಮೀಟರ್ ಹಾರಬೇಕು. ಕೇಳಿ ಹೊಟ್ಟೆ ಚುರ್ ಎಂದಿತು. ಎಷ್ಟೋ ಮರಳುವುದಿಲ್ಲ. ಉಳಿದವು ಎರಡು ವರ್ಷದ ಮೇಲೆ ತವರಿನ ನೀರನ್ನೇ ಹುಡುಕಿಕೊಂಡು ಬರುತ್ತವೆ.

ನೋಡಬೇಕೆನ್ನುವವರು ಮೇ-ಜುಲೈಯಲ್ಲಿ ಹೋಗಿ, ಸ್ವೆಟರ್ ಮರೆಯಬೇಡಿ.